ಖೋಸಾ ಕಂದಮ್ಮಗಳ ತೊದಲ್ನುಡಿ

ಕಷ್ಟದ ಸುದ್ದಿ ಕೇಳಿದಾಗ ನಮ್ಮ ಹಿರಿಯರು ನಾಲಗೆಯ ತುದಿಯನ್ನು ಮುಂಬಲ್ಲಿಗೆ ಒತ್ತಿ, ಸೆಳೆದು, ಲೊಚಗುಟ್ಟುವುದುಂಟು. ಹೊಲದಲ್ಲಿ ಎತ್ತುಗಳು ನಿಧಾನಿಸಿದರೆ ರೈತನು ಬಾಯಿಯ ಪಕ್ಕದಿಂದ, ದವಡೆಹಲ್ಲಿನ ಬಳಿಯಲ್ಲಿ, ಬೇರೊಂದು ಬಗೆಯ ಸದ್ದು ಹೊರಡಿಸುತ್ತಾನೆ. ಮೊಮ್ಮಗುವನ್ನು ಬೆನ್ನ ಮೇಲೆ ಕೂರಿಸಿಕೊಂಡು ಕುದುರೆಯಾಟ ಆಡಿಸುವ ಅಜ್ಜನು ನಾಲಗೆಯನ್ನು ಅಂಗುಳಿನಿಂದ ಫಕ್ಕನೆ ಕಿತ್ತು ಗೊರಸಿನ ಸದ್ದು ಮಾಡುತ್ತಾನೆ. ಈ ಮೂರೂ ನಮ್ಮಲ್ಲಿ ಕೇವಲ ಸದ್ದುಗಳು. ಇವುಗಳಿಂದ ಯಾವ ಪದವೂ ಹುಟ್ಟುವುದಿಲ್ಲ, ವರ್ಣಮಾಲೆಯಲ್ಲಿ ಇವಕ್ಕೆ ಸ್ಥಾನವಿಲ್ಲ. ಆದರೆ ದಕ್ಷಿಣ ಆಫ್ರಿಕಾದ ಖೋಸಾ ಜನರ ಭಾಷೆಯಲ್ಲಿ ಈ ಮೂರೂ ವ್ಯಂಜನಗಳಾಗಿವೆ. ನಮ್ಮ ಮಕ್ಕಳು ಕ, ತ, ಪಗಳನ್ನು ಕಲಿಯುವಂತೆಯೇ ಅಲ್ಲಿನ ಮಕ್ಕಳು ಇವನ್ನು ಕಲಿತು ಮಾತನಾಡುತ್ತಾರೆ.

ಆ ಮಕ್ಕಳು ಮಾತು ಕಲಿಯುವ ಬಗೆಯನ್ನು ಕುರಿತು ಈ ಸಂಚಿಕೆಯಲ್ಲಿ ವಿವರಿಸಲು ಕಾರಣವಿದೆ. ಮಗುವಿಗೆ ಮಾತು ಯಾವಾಗ ಬರಬೇಕು, ಎಷ್ಟು ಬರಬೇಕು ಎಂಬ ವೈದ್ಯಕೀಯ ಅಳತೆಗೋಲುಗಳು ಬಹುಪಾಲು ಇಂಗ್ಲಿಷ್ ಮಕ್ಕಳನ್ನು ನೋಡಿ ಸಿದ್ಧವಾದವು. ಆ ಗೋಲಿನಿಂದ ಬೇರೊಂದು ನುಡಿಯ ಮಗುವನ್ನು ಅಳೆದಾಗ ಏನಾಗುತ್ತದೆ ಎಂಬುದಕ್ಕೆ ಖೋಸಾ ಒಳ್ಳೆಯ ನಿದರ್ಶನವಾಗಿದೆ.

ಇಸಿಖೋಸಾ ಎಂಬುದು ಈ ಭಾಷೆಯ ಪೂರ್ಣ ಹೆಸರು. ‘ಇಸಿ’ ಎಂಬುದು ಭಾಷೆಗಳ ಹೆಸರಿಗೆ ಹತ್ತುವ ಪೂರ್ವಪ್ರತ್ಯಯ. ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತವು ಇದರ ತವರು. ಕೆಲಸವನ್ನರಸಿ ಹೋದವರೊಡನೆ ಪಶ್ಚಿಮ ಕೇಪ್ ಪ್ರಾಂತಕ್ಕೂ ಕೇಪ್‌ಟೌನ್ ನಗರದ ಖಾಯೆಲಿಟ್ಷಾ, ಲಾಂಗಾ, ಗುಗುಲೇತು ಬಡಾವಣೆಗಳಿಗೂ ಇದು ಹಬ್ಬಿದೆ. ಎಂಬತ್ತು ಲಕ್ಷಕ್ಕೂ ಹೆಚ್ಚು ಜನರ ಮಾತೃಭಾಷೆಯಾದ ಇದು ಆ ದೇಶದ ಅಧಿಕೃತ ಭಾಷೆಗಳಲ್ಲೊಂದು. ನೆಲ್ಸನ್ ಮಂಡೇಲಾ ಅವರ ತಾಯ್ನುಡಿಯೂ ಇದೇ. ಜುಲು ಭಾಷೆಯು ಇದರ ಒಡಹುಟ್ಟು.

ಮೇಲೆ ಹೇಳಿದ ಮೂರು ಸದ್ದುಗಳನ್ನು ಭಾಷಾವಿಜ್ಞಾನದಲ್ಲಿ ಕ್ಲಿಕ್ ಧ್ವನಿಗಳೆಂದು ಕರೆಯುತ್ತಾರೆ. ರೋಮನ್ ಲಿಪಿಯಲ್ಲಿ ಲೊಚಗುಟ್ಟುವ ಸದ್ದಿಗೆ ಸಿ, ಬಾಯಿಯ ಪಕ್ಕದ ಸದ್ದಿಗೆ ಎಕ್ಸ್, ಗೊರಸಿನ ಸದ್ದಿಗೆ ಕ್ಯೂ ಎಂಬ ಅಕ್ಷರಗಳನ್ನು ಬಳಸುತ್ತಾರೆ. ಬಾಗಿಲು, ಶಾಂತಿ, ಮೊಟ್ಟೆ ಎಂಬ ಅರ್ಥದ ಖೋಸಾ ಪದಗಳಲ್ಲಿ ಕ್ರಮವಾಗಿ ಈ ಮೂರು ಧ್ವನಿಗಳಿವೆ. ಇವುಗಳೊಡನೆ ಉಸಿರು, ಘೋಷ, ಅನುನಾಸಿಕ ಮುಂತಾದವು ಬೆರೆತು, ಸಾಮಾನ್ಯ ಎಣಿಕೆಯಂತೆ 18 ಕ್ಲಿಕ್ ವ್ಯಂಜನಗಳಾಗುತ್ತವೆ. ನಮ್ಮಲ್ಲಿ ಕ, ಖ, ಗ, ಘ, ಙ ಎಂದು ಒಂದೇ ಸ್ಥಾನದಿಂದ ಐದು ಅಕ್ಷರಗಳು ಹುಟ್ಟುವಂತೆಯೇ ಇದು ಎಂದು ಭಾವಿಸಿದರೆ ಓದುಗರಿಗೆ ಸುಲಭವಾದೀತು. ಒಟ್ಟು ವ್ಯಂಜನಗಳು ಐವತ್ತಕ್ಕೂ ಮಿಗಿಲು. ಸ್ವರಗಳು ಮಾತ್ರ ಐದು.

ಈ ಧ್ವನಿಗಳು ಖೋಸಾಕ್ಕೆ ಮೂಲದಲ್ಲಿ ಇದ್ದವಲ್ಲ. ಆ ನೆಲದ ಹಳೆಯ ನಿವಾಸಿಗಳಾದ ಖೋಯಿ ಮತ್ತು ಸಾನ್ ಜನರ ಭಾಷೆಗಳಿಂದ, ನೆರೆಹೊರೆ ಮತ್ತು ಮದುವೆ ಸಂಬಂಧಗಳ ಮೂಲಕ ಬಂದವು. ಇವು ಬೇರೂರಲು ‘ಹ್ಲೊನಿಪಾ’ ಎಂಬ ಆಚಾರವೂ ಕಾರಣವಾಗಿರಬಹುದೆಂದು ಕೆಲವು ವಿದ್ವಾಂಸರು ತರ್ಕಿಸುತ್ತಾರೆ. ಮದುವೆಯಾಗಿ ಬಂದ ಸೊಸೆಯು ಮಾವನ ಹೆಸರನ್ನಷ್ಟೇ ಅಲ್ಲ, ಆ ಹೆಸರಿನ ಉಚ್ಚಾರವಿರುವ ಇತರ ಪದಗಳನ್ನೂ ನುಡಿಯಬಾರದು. ಅವುಗಳ ಬದಲಿಗೆ ಬೇರೆ ಧ್ವನಿ ಅಥವಾ ಬೇರೆ ಪದ ಬಳಸಬೇಕು. ಗಂಡನ ಹೆಸರು ಹೇಳಲು ಸಂಕೋಚಪಡುವ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗೆ ಈ ಆಚಾರ ತೀರ ಅಪರಿಚಿತವೆನಿಸಲಾರದು. ಹೀಗೆ ತಾಯಿಯ ಗೌರವದ ನುಡಿಯನ್ನೂ ಮನೆಯ ಇತರರ ನುಡಿಯನ್ನೂ ಒಟ್ಟಿಗೇ ಕೇಳುತ್ತಾ ಮಗು ಬೆಳೆಯುತ್ತಿತ್ತು.

ಇನ್ನು ಮಗುವಿನ ಕಿವಿಯ ವಿಚಾರ. ಮಾತು ನಾಲಗೆಯಿಂದ ಆರಂಭವಾಗುವುದಲ್ಲ, ಕಿವಿಯಿಂದ. ಈ ವಿಷಯದಲ್ಲಿ ಎರಡು ಹೆಸರಾಂತ ಸಂಶೋಧನೆಗಳಿವೆ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿಜ್ಞಾನಿಗಳು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಶಿಶುಗಳು ಇವೆರಡನ್ನೂ ಬೇರೆ ಬೇರೆಯೆಂದು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಕನ್ನಡದ ಮಗುವಿಗೆ ಹೀಗಾಗದು, ಏಕೆಂದರೆ ಅದು ದಿನವೂ ತ, ಟಗಳನ್ನು ಕೇಳುತ್ತಿರುತ್ತದೆ. ಕೇಳದ ಭೇದವನ್ನು ಮಿದುಳು ಒಂದು ವರ್ಷದೊಳಗೇ ಬದಿಗಿರಿಸುತ್ತದೆ ಎಂಬುದು ಇದರ ತಾತ್ಪರ್ಯ.

ಎರಡನೆಯ ಸಂಶೋಧನೆಯನ್ನು 1988ರಲ್ಲಿ ಕ್ಯಾಥರೀನ್ ಬೆಸ್ಟ್ ಮತ್ತು ಸಂಗಡಿಗರು ಪ್ರಕಟಿಸಿದರು. ಅವರು ಜುಲು ಭಾಷೆಯ ಕ್ಲಿಕ್‌ಗಳನ್ನು ಇಂಗ್ಲಿಷ್ ಮಾತ್ರ ಬಲ್ಲ ಶಿಶುಗಳಿಗೂ ವಯಸ್ಕರಿಗೂ ಕೇಳಿಸಿದರು. ಹಿಂದಿನ ಸಂಶೋಧನೆಯಂತೆ ಇಲ್ಲಿಯೂ ಭೇದಶಕ್ತಿ ಕುಂದಿರಬೇಕಿತ್ತು. ಆದರೆ ಹದಿನಾಲ್ಕು ತಿಂಗಳ ಮಕ್ಕಳೂ ವಯಸ್ಕರೂ ಈ ಧ್ವನಿಗಳ ವ್ಯತ್ಯಾಸವನ್ನು ಚೆನ್ನಾಗಿಯೇ ಗುರುತಿಸಿದರು. ಕಾರಣ ಕುತೂಹಲಕರ. ‘ಟ’ ಕೇಳಿದ ಇಂಗ್ಲಿಷ್ ಕಿವಿ ಅದನ್ನು ತನಗೆ ಗೊತ್ತಿರುವ ಒಂದು ಅಕ್ಷರದ ಗೂಡಿಗೆ ತಳ್ಳಿಬಿಡುತ್ತದೆ. ಕ್ಲಿಕ್ ಧ್ವನಿಯಾದರೋ ಯಾವ ಗೂಡಿಗೂ ಹೊಂದುವುದಿಲ್ಲ. ಹಾಗಾಗಿ ಅದು ಮಾತಲ್ಲದ ಸದ್ದಾಗಿ, ಕೈ ತಟ್ಟಿದಂತೆ, ಚಿಟಿಕೆ ಹೊಡೆದಂತೆ ಕೇಳಿಸಿ ತನ್ನ ಭೇದವನ್ನು ಉಳಿಸಿಕೊಳ್ಳುತ್ತದೆ. ಲೊಚಗುಟ್ಟುವುದನ್ನೂ ಎತ್ತು ಹೊಡೆಯುವ ಸದ್ದನ್ನೂ ನಾವು ಬೇರೆ ಬೇರೆಯಾಗಿ ಗುರುತಿಸುವುದು ಹೀಗೆಯೇ. ಖೋಸಾ ಶಿಶುವಿಗೆ ಮಾತ್ರ ಅವು ಮೊದಲಿನಿಂದಲೇ ಅಮ್ಮನ ಮಾತಿನ ಭಾಗ.

ಎರಡು ಮೂರು ತಿಂಗಳಿಗೆ ‘ಊ, ಆ’ ಎಂಬ ಮೃದುವಾದ ದನಿ, ಆರರಿಂದ ಹತ್ತು ತಿಂಗಳ ನಡುವೆ ‘ಬಬಬ, ಮಮಮ’ ಎಂಬ ತೊದಲು, ವರ್ಷ ತುಂಬುವ ಹೊತ್ತಿಗೆ ಮೊದಲ ಪದ. ಈ ಕ್ರಮವು ಲೋಕದ ಎಲ್ಲ ಮಕ್ಕಳಲ್ಲಿಯೂ ಸರಿಸುಮಾರು ಒಂದೇ. ಖೋಸಾದಲ್ಲಿ ತಾಯಿಗೆ ‘ಉಮಾಮಾ’, ತಂದೆಗೆ ‘ಉಟಾಟಾ’ ಎನ್ನುವುದರಿಂದ ತೊದಲಿನಿಂದ ಪದಕ್ಕೆ ದಾಟುವುದು ಅಲ್ಲಿಯ ಮಗುವಿಗೂ ಸುಲಭವೇ. ಖೋಸಾ ಪದಗಳು ಸ್ವರದಲ್ಲಿ ಮುಗಿಯುತ್ತವೆ. ನಾವು ‘ಬಸ್ಸು’ ಎಂದು ಉಕಾರ ಸೇರಿಸಿದಂತೆ ಅವರು ‘ಇಬಾಸಿ’ ಎನ್ನುತ್ತಾರೆ. ಬೆಕ್ಕು ‘ಇಕಾಟಿ’, ಶಾಲೆ ‘ಇಸಿಕೋಲೋ’.

ಹಾಗಾದರೆ ಕ್ಲಿಕ್‌ಗಳು ಯಾವಾಗ ಬರುತ್ತವೆ? ಇಷ್ಟು ಕ್ಲಿಷ್ಟವಾದ ಧ್ವನಿಗಳನ್ನು ಮಕ್ಕಳು ಕಟ್ಟಕಡೆಗೆ ಕಲಿಯುತ್ತಾರೆಂದೇ ಹೊರಗಿನವರು ಬಹುಕಾಲ ಎಣಿಸಿದ್ದರು. ಕೇಪ್‌ಟೌನ್ ವಿಶ್ವವಿದ್ಯಾಲಯದ ವಿದ್ವಾಂಸರಾದ ಸಾಂಡಿಲೆ ಗ್ಕ್ಸಿಲಿಶೆ ಅವರು ಒಂದರಿಂದ ಮೂರು ವರ್ಷದ ಮಕ್ಕಳ ಮಾತನ್ನು ದಾಖಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಎಣಿಕೆಯನ್ನು ಅಲ್ಲಗಳೆಯಿತು. (ಅವರ ಹೆಸರಿನ ಮೊದಲ ಅಕ್ಷರವೇ ಬಾಯಿಯ ಪಕ್ಕದ ಕ್ಲಿಕ್ ಆದ್ದರಿಂದ ಇಲ್ಲಿ ಬರೆದ ರೂಪವು ಅಂದಾಜಿನದು, ಕನ್ನಡ ಲಿಪಿಗೆ ಅದು ಒಗ್ಗದು.) ಎಳೆಯ ವಯಸ್ಸಿನಲ್ಲಿಯೇ ಸರಳವಾದ ಕ್ಲಿಕ್‌ಗಳು ಮಕ್ಕಳ ಮಾತಿನಲ್ಲಿ ತಲೆದೋರುತ್ತವೆ. ಉಸಿರು, ಅನುನಾಸಿಕಗಳು ಬೆರೆತ ಜಟಿಲ ರೂಪಗಳು ಸ್ವಲ್ಪ ತಡವಾಗಿ ನೆಲೆಗೊಳ್ಳುತ್ತವೆ. ಅಷ್ಟರವರೆಗೆ ಮಗು ಕ್ಲಿಕ್ ಇರುವೆಡೆ ತ, ಕ ಮುಂತಾದ ಸುಲಭ ಧ್ವನಿಗಳನ್ನಿಟ್ಟು ಕೆಲಸ ಸಾಗಿಸುತ್ತದೆ. ನಮ್ಮ ಮಕ್ಕಳು ‘ರಾಮ’ನನ್ನು ‘ಲಾಮ’ ಎನ್ನುವುದಿಲ್ಲವೇ, ಹಾಗೆ. ಇದು ದೋಷವಲ್ಲ, ಕಲಿಕೆಯ ಒಂದು ಮೆಟ್ಟಿಲು.

1991ರಲ್ಲಿ ಮೌರರ್ ಮತ್ತು ಬರ್ಗರ್ ಎಂಬವರು ಎರಡೂವರೆಯಿಂದ ಆರು ವರ್ಷದ ಖೋಸಾ ಮಕ್ಕಳನ್ನೂ ಇಂಗ್ಲಿಷ್ ಮಕ್ಕಳನ್ನೂ ಹೋಲಿಸಿದಾಗ, ಖೋಸಾ ಮಕ್ಕಳು ಮೂರು ವರ್ಷದ ಹೊತ್ತಿಗೇ ತಮ್ಮ ಭಾಷೆಯ ಬಹುತೇಕ ವ್ಯಂಜನಗಳನ್ನು ಕೈವಶ ಮಾಡಿಕೊಂಡಿದ್ದು ಕಂಡುಬಂದಿತು. ಕೇಪ್‌ಟೌನಿನ 24 ಮಕ್ಕಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನವೂ ಇದೇ ದಿಕ್ಕಿನಲ್ಲಿದೆ. ಐವತ್ತಕ್ಕೂ ಹೆಚ್ಚು ವ್ಯಂಜನಗಳ ಭಾರವನ್ನು ಹೊತ್ತ ಮಗು ಹಿಂದೆ ಬೀಳಲಿಲ್ಲ. ದಿನವೂ ಕಿವಿಗೆ ಬೀಳುವ ಧ್ವನಿಯು, ಕೇಳದವರಿಗೆ ಎಷ್ಟೇ ಕಠಿಣವೆನಿಸಲಿ, ಮನೆಯ ಮಗುವಿಗೆ ಸಹಜವೇ ಆಗಿರುತ್ತದೆ.

ಧ್ವನಿಗಿಂತ ಹೆಚ್ಚು ಗಮನಾರ್ಹವಾದುದು ಪದಗಳ ಕಟ್ಟಡ. ಕನ್ನಡದಲ್ಲಿ ಪ್ರತ್ಯಯಗಳು ಪದದ ಬಾಲಕ್ಕೆ ಹತ್ತುತ್ತವೆ. ಖೋಸಾದಲ್ಲಿ ಹೆಚ್ಚಿನವು ತಲೆಗೆ ಹತ್ತುತ್ತವೆ. ಮಗುವಿಗೆ ‘ಉಮ್‌ನ್ತ್ವಾನಾ’, ಮಕ್ಕಳಿಗೆ ‘ಅಬನ್ತ್ವಾನಾ’. ‘ಮಗು ಅಳುತ್ತಿದೆ, ಮಕ್ಕಳು ಅಳುತ್ತಿದ್ದಾರೆ’ ಎಂಬಲ್ಲಿ ನಮ್ಮ ಕ್ರಿಯಾಪದದ ಕೊನೆ ಬದಲಾದಂತೆ ಅಲ್ಲಿ ಕ್ರಿಯಾಪದದ ಆರಂಭ ಬದಲಾಗುತ್ತದೆ: ‘ಉಮ್‌ನ್ತ್ವಾನಾ ಉಯಲೀಲಾ’, ‘ಅಬನ್ತ್ವಾನಾ ಬಯಲೀಲಾ’. ನಾಯಿ ಓಡಿದರೆ ‘ಇಂಜಾ ಇಯಬಲೇಕಾ’, ನಾಯಿಗಳಾದರೆ ‘ಇಝಿಂಜಾ ಝಿಯಬಲೇಕಾ’. ನಮ್ಮಲ್ಲಿ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂಬ ಮೂರು ವರ್ಗಗಳಿದ್ದರೆ ಅಲ್ಲಿ ನಾಮಪದಗಳಿಗೆ ಹತ್ತಕ್ಕೂ ಹೆಚ್ಚು ವರ್ಗಗಳಿವೆ. ಪ್ರತಿ ವರ್ಗಕ್ಕೂ ತನ್ನದೇ ಪೂರ್ವಪ್ರತ್ಯಯ. ಅದಕ್ಕೆ ತಕ್ಕಂತೆ ಕ್ರಿಯಾಪದ, ವಿಶೇಷಣ ಎಲ್ಲವೂ ರೂಪ ಬದಲಿಸಬೇಕು.

ಮಗು ಈ ಕಾಡಿನಲ್ಲಿ ದಾರಿ ಕಂಡುಕೊಳ್ಳುವ ರೀತಿ ಸೋಜಿಗದ್ದು. ಖೋಸಾಕ್ಕೆ ಬಂಧುವಾದ ಸೆಸೊಥೊ ಭಾಷೆಯ ಮಕ್ಕಳನ್ನು ಲೆಸೊಥೊ ದೇಶದಲ್ಲಿ ಕ್ಯಾಥರೀನ್ ಡೆಮುತ್ ಅವರು ವಿವರವಾಗಿ ಅಭ್ಯಸಿಸಿದ್ದಾರೆ. ಮಗು ಮೊದಲು ಪೂರ್ವಪ್ರತ್ಯಯವನ್ನು ಬಿಟ್ಟೇ ಬಿಡುತ್ತದೆ. ಬಳಿಕ ಅಲ್ಲಿ ಏನೋ ಒಂದಿದೆ ಎಂದು ಸೂಚಿಸುವಂತೆ ಒಂದು ಅಸ್ಪಷ್ಟ ಸ್ವರವನ್ನು ಇಡುತ್ತದೆ. ಮೂರು ವರ್ಷದ ಹೊತ್ತಿಗೆ ಸರಿಯಾದ ಪ್ರತ್ಯಯ ಬಂದು ಕೂಡುತ್ತದೆ. ಖೋಸಾ ಮಕ್ಕಳ ಕ್ರಿಯಾಪದಗಳನ್ನು ಗ್ಕ್ಸಿಲಿಶೆ ಮತ್ತು ಸಂಗಡಿಗರು ಪರಿಶೀಲಿಸಿದಾಗಲೂ ಇಂಥದೇ ಚಿತ್ರ ದೊರೆಯಿತು: ಎಳೆಯ ಮಕ್ಕಳು ಪ್ರತ್ಯಯವನ್ನು ಬಿಡುವುದುಂಟು, ಆದರೆ ಒಂದು ವರ್ಗದ ಪ್ರತ್ಯಯವನ್ನು ಮತ್ತೊಂದಕ್ಕೆ ತಪ್ಪಾಗಿ ಹಚ್ಚುವುದು ಅಪರೂಪ. ಗೊತ್ತಿಲ್ಲದಲ್ಲಿ ಸುಮ್ಮನಿರುವ, ಗೊತ್ತಾದ ಮೇಲೆ ಸರಿಯಾಗಿ ನುಡಿಯುವ ಈ ವಿವೇಕವನ್ನು ದೊಡ್ಡವರಾದ ನಾವು ಯಾವಾಗ ಕಳೆದುಕೊಂಡೆವೋ!

ಈಗ ಅಳತೆಗೋಲಿನ ವಿಚಾರಕ್ಕೆ ಬರೋಣ. ಎರಡು ವರ್ಷಕ್ಕೆ ಮಗು ಸುಮಾರು 50 ಪದಗಳನ್ನು ಆಡಬೇಕು, ಎರಡು ಪದಗಳನ್ನು ಜೋಡಿಸಬೇಕು ಎಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಹಾಲಿನ ಲೋಟವನ್ನು ದೂರ ತಳ್ಳುವ ಖೋಸಾ ಮಗು ‘ಅಂಡಿಫೂನಿ’ ಎನ್ನುತ್ತದೆ. ಇದರಲ್ಲಿ ನಿಷೇಧ, ‘ನಾನು’, ‘ಬೇಕು’ ಮೂರೂ ಅಡಗಿವೆ. ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದ ಬೇಕಾಗುವ ವಾಕ್ಯ ಅಲ್ಲಿ ಒಂದೇ ಪದ. ನಮ್ಮ ಉತ್ತರ ಕರ್ನಾಟಕದ ಕೂಸು ತಲೆಯಲ್ಲಾಡಿಸಿ ‘ಒಲ್ಲೆ’ ಎಂದಾಗಲೂ ಇದೇ ಆಗುತ್ತದೆ. ಪದಗಳನ್ನು ಮಾತ್ರ ಎಣಿಸಿದವನ ಪಟ್ಟಿಯಲ್ಲಿ ಇಬ್ಬರಿಗೂ ಒಂದೇ ಅಂಕ ಬೀಳುತ್ತದೆ. ಹಾಗೆಂದು ‘ಅಂಡಿಫೂನಿ’ ಎಂದ ಮಾತ್ರಕ್ಕೆ ಮಗುವಿಗೆ ಪೂರ್ಣ ವ್ಯಾಕರಣ ತಿಳಿದಿದೆ ಎನ್ನಲೂ ಆಗದು. ಇಡಿಯ ಪದವನ್ನು ಗಿಣಿಯಂತೆ ಕಲಿತಿರಬಹುದು. ‘ಇಂಡಿಫೂನಾ’ ಎನ್ನುವಂತೆ ಹುಸಿರೂಪ ಕಟ್ಟದೆ ‘ಬೇಕು’ ಎನ್ನಲು ‘ಅ’ ಎಂಬ ನಿಷೇಧವನ್ನು ಕಳಚಿ, ಕೊನೆಯ ಸ್ವರವನ್ನೂ ಬದಲಿಸಿ, ‘ಎಂಡಿಫೂನಾ’ ಎನ್ನದೆ ‘ನ್ಡಿಫೂನಾ’ ಎಂಬ ಸರಿರೂಪಕ್ಕೆ ಬಂದಾಗ ಮಗು ಪದದ ಬಿಡಿಭಾಗಗಳನ್ನು ಅರಿತಿದೆಯೆಂದು ತಿಳಿಯಬಹುದು. ಪರೀಕ್ಷಿಸುವವರು ನೋಡಬೇಕಾದುದು ಇದನ್ನು.

ತಾಯಂದಿರಿಗೆ ಪದಗಳ ಪಟ್ಟಿ ಕೊಟ್ಟು ‘ಇವುಗಳಲ್ಲಿ ಮಗು ಯಾವುದನ್ನು ಆಡುತ್ತದೆ’ ಎಂದು ಗುರುತು ಹಾಕಿಸುವ ಒಂದು ವಿಧಾನವು ಅಮೆರಿಕದಲ್ಲಿ ಸಿದ್ಧವಾಗಿ ಅನೇಕ ಭಾಷೆಗಳಿಗೆ ಹಬ್ಬಿದೆ. ದಕ್ಷಿಣ ಆಫ್ರಿಕಾದ ಸಂಶೋಧಕರು ಅದನ್ನು ತಮ್ಮ ದೇಶದ ಭಾಷೆಗಳಿಗೆ ಹೊಂದಿಸುವ ಕಾರ್ಯದಲ್ಲಿ ತೊಡಗಿದ್ದಾರೆ. ಬರಿಯ ಭಾಷಾಂತರದಿಂದ ಇದು ಸಾಧ್ಯವಾಗದು. ಇಂಗ್ಲಿಷ್ ಪಟ್ಟಿಯಲ್ಲಿ ‘ಒಳಗೆ’ ಎಂಬುದು ಬಿಡಿ ಪದ. ಖೋಸಾದಲ್ಲಿ ‘ಇಂಡ್ಲು’ ಎಂದರೆ ಮನೆ, ‘ಎಂಡ್ಲಿನಿ’ ಎಂದರೆ ಮನೆಯಲ್ಲಿ. ಇಂಗ್ಲಿಷಿನಲ್ಲಿ ‘ಅಂಕಲ್’ ಒಬ್ಬನೇ. ಖೋಸಾ ಮಗುವಿಗೆ ಸೋದರಮಾವ ‘ಉಮಾಲುಮೆ’, ಅವನ ಹೆಸರು ತಂದೆಯ ತಮ್ಮನಿಗೆ ಸಲ್ಲದು. ನಮ್ಮ ಮನೆಗಳಲ್ಲಿಯೂ ಮಾವನೇ ಬೇರೆ, ಚಿಕ್ಕಪ್ಪನೇ ಬೇರೆಯಲ್ಲವೇ?

ಇದು ವಿದ್ವಾಂಸರ ಚರ್ಚೆಗೆ ಸೀಮಿತವಾದ ಸಂಗತಿಯಲ್ಲ. ತಪ್ಪು ಅಳತೆಯಿಂದ ಎರಡು ಬಗೆಯ ಅನ್ಯಾಯವಾಗುತ್ತದೆ. ಆರೋಗ್ಯವಂತ ಮಗುವಿಗೆ ‘ಹಿಂದುಳಿದ ಮಗು’ ಎಂಬ ಹಣೆಪಟ್ಟಿ ಬೀಳುವುದು ಒಂದು. ನಿಜವಾಗಿ ನೆರವು ಬೇಕಾದ ಮಗುವನ್ನು ‘ಇವರ ಭಾಷೆಯೇ ಹಾಗಿರಬೇಕು’ ಎಂದು ಹಿಂದಕ್ಕೆ ಕಳುಹಿಸುವುದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಘೋರ, ಏಕೆಂದರೆ ಕಳೆದ ಕಾಲ ಮರಳದು. ದಕ್ಷಿಣ ಆಫ್ರಿಕಾದಲ್ಲಿ ಆಫ್ರಿಕನ್ ಭಾಷೆಗಳನ್ನು ತಾಯ್ನುಡಿಯಾಗಿ ಬಲ್ಲ ವಾಕ್‌ಚಿಕಿತ್ಸಕರು ಬಹಳ ಕಡಿಮೆ ಇರುವುದು ಈ ತೊಡಕನ್ನು ಇಮ್ಮಡಿಗೊಳಿಸಿದೆ.

ಮನೆಯ ಮಾತನ್ನು ಬಿಟ್ಟು ಇಂಗ್ಲಿಷಿನಲ್ಲಿಯೇ ಮಾತನಾಡಿಸಿದರೆ ಮಗು ಬೇಗ ಕಲಿತೀತು ಎಂಬ ಸಲಹೆಯೂ ಅಲ್ಲಿ ಕೇಳಿಬರುತ್ತದೆ, ಇಲ್ಲಿಯೂ ಕೇಳಿಬರುತ್ತದೆ. ಎರಡು ಭಾಷೆಗಳನ್ನು ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಇದು ಸಂಶೋಧನೆಯಿಂದ ದೃಢಪಟ್ಟ ವಿಷಯ. ತನಗೆ ಅರೆಬರೆ ಬರುವ ನುಡಿಯಲ್ಲಿ ತಾಯಿ ಮಗುವಿನೊಡನೆ ಮಾತನಾಡಲು ಹೊರಟರೆ ಮಾತು ಕಡಿಮೆಯಾಗುತ್ತದೆ, ಆಜ್ಞೆಗಳಷ್ಟೇ ಉಳಿಯುತ್ತವೆ. ಕತೆ, ಕೀಟಲೆ, ಸಮಾಧಾನ ಎಲ್ಲವೂ ತಾಯ್ನುಡಿಯಲ್ಲಿಯೇ ಧಾರಾಳವಾಗಿ ಹರಿಯುವಂಥವು.

ಧಾರಾಳವಾದ ಮಾತಿಗೆ ಖೋಸಾ ಮನೆಗಳಲ್ಲಿ ಕೊರತೆಯಿರಲಿಲ್ಲ. ಕೂಸನ್ನು ಕಂಬಳಿಯಿಂದ ಬೆನ್ನಿಗೆ ಕಟ್ಟಿಕೊಂಡು ತಾಯಿ ಕೆಲಸ ಮಾಡುವುದು ಅಲ್ಲಿನ ವಾಡಿಕೆ; ಅವಳು ಆಡುವ ಮಾತೆಲ್ಲ ಕೂಸಿನ ಕಿವಿಯ ಹತ್ತಿರದಲ್ಲೇ ನಡೆಯುತ್ತದೆ. ಸಂಜೆಯ ಹೊತ್ತು ‘ಉಮಾಖುಲು’, ಅಂದರೆ ಅಜ್ಜಿ, ‘ಇನ್ತ್ಸೋಮಿ’ ಎಂಬ ಜಾನಪದ ಕತೆಗಳನ್ನು ಹೇಳುತ್ತಿದ್ದಳು. ಕೇಳುವ ಮಕ್ಕಳು ಸುಮ್ಮನೆ ಕೂರುವಂತಿಲ್ಲ, ನಡುನಡುವೆ ದನಿಗೂಡಿಸಬೇಕು. ನಮ್ಮಲ್ಲಿ ಕತೆಗೆ ‘ಹ್ಞೂಂ’ಗುಟ್ಟುವಂತೆ. ದುಡಿಮೆಗಾಗಿ ತಂದೆತಾಯಿಗಳು ನಗರಕ್ಕೆ ಹೋದಾಗ ಮಕ್ಕಳು ಹಳ್ಳಿಯಲ್ಲಿ ಅಜ್ಜಿಯ ಬಳಿ ಬೆಳೆಯುವುದು ಇಂದಿಗೂ ಸಾಮಾನ್ಯ. ನಗರದ ಇಕ್ಕಟ್ಟಿನ ಬಡಾವಣೆಯಲ್ಲಿ, ದಣಿದು ಬಂದ ತಾಯಿಗೆ ಮಾತಿಗೆ ಪುರಸೊತ್ತು ಸಿಗುವುದು ಕಷ್ಟ.

ಇದನ್ನು ಗಮನದಲ್ಲಿಟ್ಟು ಖಾಯೆಲಿಟ್ಷಾದಲ್ಲಿ ನಡೆಸಿದ ಒಂದು ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. 14ರಿಂದ 16 ತಿಂಗಳ ಮಕ್ಕಳ ತಾಯಂದಿರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಚಿತ್ರಪುಸ್ತಕವನ್ನು ಮಗುವಿನೊಡನೆ ನೋಡುವ ಬಗೆಯನ್ನು ಕೆಲವು ವಾರ ಕಲಿಸಲಾಯಿತು. ಓದಿ ಹೇಳುವುದಲ್ಲ; ಮಗು ಯಾವ ಚಿತ್ರಕ್ಕೆ ಬೆರಳಿಟ್ಟಿತೋ ಅದನ್ನೇ ಹಿಡಿದು ಮಾತು ಬೆಳೆಸುವುದು, ಕೇಳುವುದು, ಉತ್ತರಕ್ಕಾಗಿ ಕಾಯುವುದು. ಅಕ್ಷರ ಬಾರದ ತಾಯಿಯೂ ಇದನ್ನು ಮಾಡಬಲ್ಲಳು. ಈ ಗುಂಪಿನ ಮಕ್ಕಳ ಪದಸಂಪತ್ತೂ ಏಕಾಗ್ರತೆಯೂ ಇತರರಿಗಿಂತ ಸ್ಪಷ್ಟವಾಗಿ ಹೆಚ್ಚಿದವು. ಔಷಧವಿಲ್ಲ, ಯಂತ್ರವಿಲ್ಲ, ಹತ್ತು ನಿಮಿಷದ ಗಮನ, ಅಷ್ಟೆ.

ಕೆಲವು ಲಕ್ಷಣಗಳು ಮಾತ್ರ ಯಾವ ಭಾಷೆಯ ಮಗುವಿನಲ್ಲಿ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸತಕ್ಕವು. ವರ್ಷ ತುಂಬಿದರೂ ತೊದಲು ಇಲ್ಲದಿರುವುದು, ಬೆರಳು ತೋರುವುದು, ಕೈಬೀಸುವುದು ಮುಂತಾದ ಸನ್ನೆಗಳಿಲ್ಲದಿರುವುದು, ಕರೆದರೆ ತಿರುಗದಿರುವುದು, ಒಂದೂವರೆ ವರ್ಷ ಸಮೀಪಿಸಿದರೂ ಅರ್ಥವುಳ್ಳ ಒಂದು ಪದವೂ ಬಾರದಿರುವುದು ಇವು ಮುಖ್ಯ. ಬಂದ ಮಾತು ನಿಂತುಹೋದರಂತೂ ವಯಸ್ಸು ಎಷ್ಟೇ ಇರಲಿ, ಒಂದು ದಿನವೂ ಕಾಯಬಾರದು. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದ’ ಎಂಬ ಸಮಾಧಾನ ಅಜ್ಜಿಯರಿಂದ ಬರುತ್ತದೆ. ಅದು ಕೆಲವೊಮ್ಮೆ ನಿಜವೂ ಹೌದು, ಆದರೆ ಪರೀಕ್ಷೆ ಮಾಡಿಸಿದ ಮೇಲೆ ಹೇಳಿಕೊಳ್ಳಬೇಕಾದ ಸಮಾಧಾನ. ದಕ್ಷಿಣ ಆಫ್ರಿಕಾದಲ್ಲಿ ಪ್ರತಿ ಶಿಶುವಿನ ತಾಯಿಗೆ ‘ಆರೋಗ್ಯದ ಹಾದಿ’ ಎಂಬ ಅರ್ಥದ ಹೆಸರಿನ ಪುಸ್ತಿಕೆಯನ್ನು ಸರ್ಕಾರವು ಕೊಡುತ್ತದೆ. ತೂಕ, ಲಸಿಕೆಗಳೊಡನೆ ಬೆಳವಣಿಗೆಯ ಗುರುತುಗಳನ್ನೂ ಅದರಲ್ಲಿ ನಮೂದಿಸುತ್ತಾರೆ. ನಮ್ಮಲ್ಲಿಯ ತಾಯಿ ಕಾರ್ಡಿನಂತೆ ಅದೂ ಮನೆಯಲ್ಲಿಯೇ ಇರುತ್ತದೆ.

ಮಾತು ತಡವಾದಾಗ ಮೊದಲು ಪರೀಕ್ಷಿಸಬೇಕಾದುದು ಕಿವಿಯನ್ನು. ಪದೇ ಪದೇ ಕಿವಿ ಸೋರುವ ಮಗುವಿಗೆ ಮಾತು ಮಸುಕಾಗಿ ಕೇಳುತ್ತದೆ, ಕೇಳಿದಷ್ಟೇ ಮಸುಕಾಗಿ ಅದು ಆಡುತ್ತದೆ. ಹುಟ್ಟಿದ ಎಲ್ಲ ಮಕ್ಕಳಿಗೂ ಶ್ರವಣ ತಪಾಸಣೆ ಮಾಡುವ ವ್ಯವಸ್ಥೆ ದಕ್ಷಿಣ ಆಫ್ರಿಕಾದಲ್ಲಿ ಇನ್ನೂ ಎಲ್ಲೆಡೆ ಬಂದಿಲ್ಲ. ಕರ್ನಾಟಕದ ಓದುಗರಿಗೆ 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಸಮೀಪದಲ್ಲಿಯೇ ಇದೆ. ಅಲ್ಲಿ ಮಗುವಿನ ಕಿವಿಯನ್ನೂ ಮಾತನ್ನೂ ಪರೀಕ್ಷಿಸುತ್ತಾರೆ. ಮಲಗಿರುವ ಶಿಶುವಿನ ಕಿವಿಯಲ್ಲಿ ಪುಟ್ಟ ಸಾಧನವನ್ನಿಟ್ಟು, ಮೆಲ್ಲನೆ ಸದ್ದು ಕೇಳಿಸಿ, ಒಳಗಿವಿಯು ಮರಳಿಸುವ ಪ್ರತಿಧ್ವನಿಯನ್ನು ಯಂತ್ರವು ದಾಖಲಿಸುತ್ತದೆ. ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ, ಮಗು ಯಾವ ಭಾಷೆಯದೆಂದು ಯಂತ್ರವು ಕೇಳುವುದೂ ಇಲ್ಲ.